ಗಾಣಗಾಪುರದಲ್ಲಿ ಹುಣ್ಣಿಮೆಗೊಮ್ಮೆ ಮನೋವೈದ್ಯರಿರಲಿ

ಮಾನ್ಯ ಸಂಪಾದಕರೆ,

ನನ್ನ ತಮ್ಮನಿಗೆ ಇಪ್ಪತ್ತೊಂದರ ಪ್ರಾಯ. ಅವ್ವ ತಟ್ಟೆಗೆ ಹಾಕಿದ ಜೋಳದ ರೊಟ್ಟಿಯಲ್ಲಿ ಒಂದು ತುತ್ತನ್ನು ಮೊದಲು ಅವಳೇ ತಿಂದು ತೋರಿಸದ ಹೊರತು ಅವನು ಮುಟ್ಟುತ್ತಿರಲಿಲ್ಲ. ಓಣಿಯವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂದು ಕಿಟಕಿಯ ಸಂದಿಗೆ ಅರಿವೆ ತುರುಕುತ್ತಿದ್ದ. ರಾತ್ರಿಯೆಲ್ಲ ಎದ್ದು ಕೂತು, ಕಾಣದ ಯಾರಿಗೋ ಉತ್ತರ ಕೊಡುತ್ತಿದ್ದ. ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯ, ನಿದ್ದೆಗೇಡು ಇವೆಲ್ಲ ಸ್ಕಿಜೋಫ್ರೇನಿಯಾದ ಲಕ್ಷಣಗಳೆಂದೂ, ಆ ಕಾಯಿಲೆ ಹೆಚ್ಚಾಗಿ ಇದೇ ಪ್ರಾಯದಲ್ಲಿ ತಲೆದೋರುತ್ತದೆಂದೂ ನಮಗೆ ತಿಳಿದಿರಲಿಲ್ಲ. ಗಾಳಿ ಸೋಂಕಿದೆ ಎಂದುಕೊಂಡು ಪ್ರತಿ ಹುಣ್ಣಿಮೆಗೂ ದೇವಲ ಗಾಣಗಾಪುರಕ್ಕೆ ಕರೆದೊಯ್ದು, ಭೀಮಾ–ಅಮರಜಾ ಸಂಗಮದಲ್ಲಿ ಸ್ನಾನ ಮಾಡಿಸಿದೆವು. ಓಡಿಹೋದಾನೆಂಬ ಭಯದಲ್ಲಿ ಅವನನ್ನು ಎತ್ತಿನ ಹಗ್ಗದಿಂದ ಮನೆಯ ಕಂಬಕ್ಕೆ ಕಟ್ಟಿದವನು ನಾನೇ. ಮಾತ್ರೆ ಶುರುವಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷದ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಭಾಗದ ಜನ ವೈದ್ಯರಿಗಿಂತ ಮೊದಲು ದೇವರ ಬಳಿ ಹೋಗುವುದನ್ನು ಬರೀ ಮೂಢನಂಬಿಕೆ ಎನ್ನುವುದು ಅನ್ಯಾಯ. ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಇಂಥ ರೋಗಿಗಳನ್ನು ಮೊದಲು ಹೈದರಾಬಾದಿನ ಜೈಲಿನಲ್ಲಿ, ಆಮೇಲೆ ದೂರದ ಜಾಲ್ನಾದಲ್ಲಿ ಇರಿಸುತ್ತಿದ್ದರು. 1953ರಲ್ಲಿ ಆ ಮಾನಸಿಕ ಆಸ್ಪತ್ರೆ ಹೈದರಾಬಾದಿನ ಎರ್ರಗಡ್ಡಾಕ್ಕೆ ಬಂತು. ಎರ್ರಗಡ್ಡಾ ಎಂಬ ಹೆಸರು ನಮ್ಮಲ್ಲಿ ಬೈಗುಳವಾಗಿಯೇ ಉಳಿಯಿತು. ಮನಸ್ಸಿನ ಕಾಯಿಲೆಗೆ ಔಷಧ ಬಂದದ್ದಾದರೂ ಎಂದು? ಕ್ಲೋರ್‌ಪ್ರೊಮಝೈನ್ ಎಂಬ ಔಷಧ ಪ್ಯಾರಿಸ್ಸಿನ ರೋಗಿಗಳ ಮೇಲೆ ಪರಿಣಾಮ ತೋರಿದ್ದೇ 1952ರಲ್ಲಿ. ಅಲ್ಲಿಯವರೆಗೆ ಆಸ್ಪತ್ರೆಯೆಂದರೆ ಕೂಡಿಹಾಕುವ ಜಾಗವಾಗಿತ್ತು, ಕ್ಷೇತ್ರದಲ್ಲಿ ಕನಿಷ್ಠ ಮನೆಯವರು ಜೊತೆಗಿರುತ್ತಿದ್ದರು.

ಇಂದು ಪರಿಸ್ಥಿತಿ ಬದಲಾಗಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆಯಿದೆ. ಆದರೆ ರೋಗಿ ಮೊದಲು ಬರುವುದು ಅಲ್ಲಿಗಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರಿಗೇ ತರಬೇತಿ ಕೊಟ್ಟು, ಪ್ರಾರ್ಥನೆ ನಿಲ್ಲಿಸದೆಯೇ ರೋಗಿಗಳನ್ನು ಪಕ್ಕದ ಮನೋವೈದ್ಯರ ಬಳಿ ಕಳಿಸುವ ‘ದವಾ–ದುವಾ’ (ಔಷಧ–ಪ್ರಾರ್ಥನೆ) ಎಂಬ ಏರ್ಪಾಡು ನಡೆದಿದೆ. ಗಾಣಗಾಪುರದಲ್ಲೂ ಅರ್ಚಕರನ್ನು ವಿಶ್ವಾಸಕ್ಕೆ ತೆಗೆದುಕೊಂಡು, ಹುಣ್ಣಿಮೆಯ ದಿನ ಜಿಲ್ಲಾಡಳಿತವು ಒಬ್ಬ ಮನೋವೈದ್ಯರನ್ನೂ ಒಬ್ಬ ಆಪ್ತಸಮಾಲೋಚಕರನ್ನೂ ಕೂರಿಸಬೇಕೆಂದು ಬೇಡುತ್ತೇನೆ. ನಮ್ಮ ಕುಟುಂಬಕ್ಕೆ ಅಂದು ಯಾರಾದರೂ ಅಲ್ಲೇ, ಪ್ರಸಾದ ಕೊಟ್ಟ ಕೈಯಿಂದಲೇ ದಾರಿ ತೋರಿಸಿದ್ದರೆ ನಾವು ಖಂಡಿತ ಹೋಗುತ್ತಿದ್ದೆವು.

ಕಟ್ಟಿಹಾಕುವ ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾ ಬಳಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಕಾರಣಕ್ಕೆ ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಈ ಸಂಗತಿಯನ್ನೂ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನೂ ಸಂಗಮದ ದಾರಿಯಲ್ಲಿ ಮತ್ತು ಬಸ್ ನಿಲ್ದಾಣದಲ್ಲಿ ದೊಡ್ಡ ಅಕ್ಷರಗಳಲ್ಲಿ, ಮಹಾರಾಷ್ಟ್ರದಿಂದ ಬರುವವರಿಗಾಗಿ ಮರಾಠಿಯಲ್ಲೂ ಬರೆಸಬೇಕು.

— ಒಬ್ಬ ಓದುಗ, ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ