ಕುಡಿತ ಬಿಟ್ಟ ಮೊದಲ ನಾಲ್ಕು ದಿನ

ಮಾನ್ಯ ಸಂಪಾದಕರೇ,

ದೇವರ ಮುಂದೆ ಆಣೆ ಮಾಡಿಯೋ ಮಾಲೆ ಹಾಕಿಕೊಂಡೋ ಒಂದೇ ದಿನಕ್ಕೆ ಕುಡಿತ ಬಿಟ್ಟವರನ್ನು ಊರೇ ಹೊಗಳುತ್ತದೆ. ಅಪರೂಪಕ್ಕೆ ಕುಡಿಯುವವರು ಹಾಗೆ ಬಿಡಬಹುದು. ಬೆಳಗ್ಗೆ ಕೈನಡುಕ ನಿಲ್ಲಲೆಂದೇ ಕುಡಿಯುವ ಹಂತ ಮುಟ್ಟಿದವರಿಗೆ ಮಾತ್ರ ಬಿಟ್ಟ ಮೊದಲ ನಾಲ್ಕು ದಿನ ಜೀವಕ್ಕೇ ಕುತ್ತು.

ಶೇ 42.8ರಷ್ಟು ಮದ್ಯಸಾರವಿರುವ ಒಂದು ಕ್ವಾರ್ಟರ್‌ನಲ್ಲಿ, ಅಂದರೆ 180 ಮಿ.ಲೀ.ನಲ್ಲಿ, ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ವರ್ಷಗಟ್ಟಲೆ ದಿನಾ ಇಷ್ಟು ಹೊಟ್ಟೆಗಿಳಿದರೆ, ಆ ಮಂಪರಿನಲ್ಲೂ ಎಚ್ಚರವಾಗಿರಲು ಮೆದುಳು ತನ್ನ ಉದ್ರೇಕ ಹೆಚ್ಚಿಸಿಕೊಳ್ಳುತ್ತದೆ. ಮದ್ಯ ತಟ್ಟನೆ ನಿಂತಾಗ ಉಳಿಯುವುದು ಉದ್ರೇಕವೊಂದೇ. ಆರೆಂಟು ಗಂಟೆಗಳಲ್ಲಿ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಹೆಂಡತಿ ಮಕ್ಕಳ ಗುರುತು ಹತ್ತುವುದಿಲ್ಲ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವವರಿದ್ದಾರೆ, ಸರಪಳಿ ಹಾಕುವವರೂ ಇದ್ದಾರೆ (2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ). ಚಿಕಿತ್ಸೆ ಸಿಗದಿದ್ದರೆ ಈ ಸನ್ನಿಯಲ್ಲಿ ಪ್ರಾಣವೂ ಹೋಗುತ್ತದೆ.

ಇದಕ್ಕೆ ಪಕ್ಕಾ ಚಿಕಿತ್ಸೆಯಿದೆ. ಮೆದುಳಿನ ಉದ್ರೇಕ ತಗ್ಗಿಸುವ ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಮಾತ್ರೆ ಕೊಟ್ಟು, ವಾರದೊಳಗೆ ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಗಳಲ್ಲ ಇವು. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಹೆಚ್ಚು ಎಡವುವುದು ಡ್ರಿಪ್ ವಿಷಯದಲ್ಲಿ. ಸುಸ್ತಾಗಿದೆಯೆಂದು ಸೀದಾ ಗ್ಲೂಕೋಸ್ ಹಾಕಿಸಿಬಿಡುತ್ತಾರೆ. ಸರಿಯಾಗಿ ಉಣ್ಣದೆ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಮೊದಲೇ ಬತ್ತಿರುತ್ತದೆ. ಗ್ಲೂಕೋಸ್ ಅರಗಿಸಲು ಅಳಿದುಳಿದದ್ದೂ ಖರ್ಚಾದರೆ ಕಣ್ಣುಗುಡ್ಡೆ ಸರಿಯಾಗಿ ಹೊರಳದು, ನಡಿಗೆ ತೂರಾಡುತ್ತದೆ, ನೆನಪು ಕಾಯಂ ಆಗಿ ಹೋಗಬಹುದು. ಹಾಗಾಗಿ ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್.

ಇನ್ನು ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎನ್ನುವ, ಕುಡಿತ ಬಿಡಿಸುವ ಪುಡಿಗಳ ಜಾಹೀರಾತು. ಒಳಗೇನಿದೆಯೋ ಮಾರುವವರು ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಸಾರಿಗೆ ಹಾಕುವ ಮನೆಗಳೂ ಇವೆ. ಇದು ಆಲ್ಕೋಹಾಲ್ ಪೂರ್ತಿ ಕರಗದಂತೆ ತಡೆದು ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಉಳಿಸುತ್ತದೆ. ವಿಷಯ ತಿಳಿಯದವರು ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ, ಹೃದ್ರೋಗಿಗಳು ಸಾಯಲೂಬಹುದು. ಕೊನೆಯ ಮಾತ್ರೆಯ ಪ್ರಭಾವ ಎರಡು ವಾರದವರೆಗೂ ಇರಬಹುದು. ರೋಗಿ ಒಪ್ಪಿ, ತಪಾಸಣೆಯಾದ ಮೇಲಷ್ಟೇ ಕೊಡಬೇಕಾದ ಔಷಧ ಇದು. ಪತ್ರಿಕೆಗಳು ಇಂಥ ಜಾಹೀರಾತು ತಿರಸ್ಕರಿಸಲಿ.

ಬಿಡಬೇಕೆನ್ನುವವರು ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಲಿ. ಫಿಟ್ಸ್ ಬಂದರೆ, ಅಸಂಬದ್ಧವಾಗಿ ಮಾತಾಡತೊಡಗಿದರೆ ಕಾಯದೆ 108 ಕರೆಯಬೇಕು. ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯದಾಗಿ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬ ಮೂರು ಸಂಗತಿಯನ್ನು ಜೊತೆಗೆ ಹೋದವರು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

– ವ್ಯಸನ ಚಿಕಿತ್ಸಾ ಶುಶ್ರೂಷಕರು, ದಾವಣಗೆರೆ