ಚೀನಾದ ವಿದ್ಯಾರ್ಥಿಗಳ ಖಿನ್ನತೆ: ಅಂಕಿಯನ್ನು ಓದುವ ಬಗೆ

ಮಾನ್ಯ ಸಂಪಾದಕರೇ,

ಚೀನಾ ವಿಜ್ಞಾನ ಅಕಾಡೆಮಿಯ ಮನೋವಿಜ್ಞಾನ ಸಂಸ್ಥೆಯು 2020ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಅಲ್ಲಿನ ಹದಿಹರೆಯದವರಲ್ಲಿ ಶೇ 24.6ರಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದು, ಶೇ 7.4ರಷ್ಟು ಮಂದಿಯಲ್ಲಿ ಅವು ತೀವ್ರವಾಗಿದ್ದವು. ತರಗತಿ ಮೇಲೇರಿದಂತೆ ಪ್ರಮಾಣವೂ ಏರುತ್ತಿತ್ತು. ಇದನ್ನು ‘ನಾಲ್ವರಲ್ಲಿ ಒಬ್ಬ ವಿದ್ಯಾರ್ಥಿ ರೋಗಿ’ ಎಂದು ಬರೆದುಬಿಡುವುದು ಸರಿಯಲ್ಲ. ಪ್ರಶ್ನಾವಳಿಯಿಂದ ಕಂಡುಕೊಂಡ ಲಕ್ಷಣಗಳೇ ಬೇರೆ, ವೈದ್ಯರು ಪರೀಕ್ಷಿಸಿ ಹೇಳುವ ಕಾಯಿಲೆಯೇ ಬೇರೆ.

ಹಾಗೆಂದು ಸಮಸ್ಯೆ ಹಗುರವಾದದ್ದೇನಲ್ಲ. ಒಂಬತ್ತನೇ ತರಗತಿಯ ಕೊನೆಯಲ್ಲಿ ಬರೆಯುವ ‘ಜೋಂಗ್‌ಕಾವೊ’ ಪರೀಕ್ಷೆಯೇ ಮಗು ಸಾಮಾನ್ಯ ಹಿರಿಯ ಪ್ರೌಢಶಾಲೆಗೆ ಹೋಗಬೇಕೋ ವೃತ್ತಿಶಿಕ್ಷಣಕ್ಕೆ ಹೋಗಬೇಕೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಅದನ್ನು ದಾಟಿದವರಿಗೆ ಮುಂದೆ ಜೂನ್ ತಿಂಗಳ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ‘ಗಾವೊಕಾವೊ’ ಕಾದಿರುತ್ತದೆ. 2024ರಲ್ಲಿ ಅದಕ್ಕೆ ನೋಂದಾಯಿಸಿದವರೇ 1.34 ಕೋಟಿ. ಮುಂಜಾನೆಯ ಓದಿನಿಂದ ಹಿಡಿದು ರಾತ್ರಿ ಶಾಲೆಯಲ್ಲೇ ಕೂತು ಓದುವ ಅವಧಿಯವರೆಗೆ ದಿನ ಕಳೆಯುವ ಮಕ್ಕಳಿಗೆ ನಿದ್ರೆ ಎಲ್ಲಿಂದ ಬರಬೇಕು?

ಶಾಲಾ ಆರೋಗ್ಯ ತಪಾಸಣೆಯಲ್ಲಿ ಖಿನ್ನತೆಯನ್ನೂ ಪರಿಶೀಲಿಸುವಂತೆ 2020ರಲ್ಲಿ ಸೂಚಿಸಿದ ಸರ್ಕಾರ, ಮರುವರ್ಷ ಶಾಲಾ ಪಠ್ಯದ ಟ್ಯೂಷನ್‌ಗೂ ಕಡಿವಾಣ ಹಾಕಿತು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಪರೀಕ್ಷೆಯ ಜರಡಿ ಮಾತ್ರ ಇದ್ದ ಹಾಗೆಯೇ ಇದೆ. ಇಂತಹ ಸುದ್ದಿ ಪ್ರಕಟಿಸುವಾಗ ಪತ್ರಿಕೆಗಳು ಶೇಕಡಾವಾರಿನ ಜೊತೆಗೆ ಅದನ್ನು ಅಳೆದ ವಿಧಾನವನ್ನೂ ಒಂದು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಶಿವಮೊಗ್ಗ