ಮುಸ್ಲಿಮರ ಉಗ್ರವಾದ ವಿರೋಧ ಕನ್ನಡದಲ್ಲೂ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಭಯೋತ್ಪಾದಕರ ದಾಳಿ ನಡೆದರೆ ಮರುದಿನದಿಂದಲೇ ‘ಮುಸ್ಲಿಮರು ಇದನ್ನೇಕೆ ಖಂಡಿಸುವುದಿಲ್ಲ?’ ಎಂಬ ಪ್ರಶ್ನೆ ವಾಚಕರ ಪತ್ರಗಳಲ್ಲಿಯೂ ಟಿ.ವಿ. ಚರ್ಚೆಗಳಲ್ಲಿಯೂ ತಪ್ಪದೆ ಕಾಣಿಸಿಕೊಳ್ಳುತ್ತದೆ. ಕೇಳುವವರೆಲ್ಲ ದುರುದ್ದೇಶದಿಂದಲೇ ಕೇಳುತ್ತಾರೆಂದು ನಾನು ಹೇಳಲಾರೆ. ಆದರೆ ಖಂಡನೆಯೇ ನಡೆದಿಲ್ಲವೆಂಬ ಗ್ರಹಿಕೆ ನಿಜವಲ್ಲ.

2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿ 166 ಜನರ ಸಾವಿಗೆ ಕಾರಣರಾದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಕಾರ್ಯಾಚರಣೆಯಲ್ಲಿ ಹತರಾದರು. ಅವರ ಶವಗಳನ್ನು ಮರೀನ್ ಲೈನ್ಸ್‌ನ ಬಡಾ ಖಬರಸ್ತಾನದಲ್ಲಿ ಹೂಳಲು ಅದನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಖಡಾಖಂಡಿತವಾಗಿ ನಿರಾಕರಿಸಿತು. ಅಮಾಯಕರನ್ನು ಕೊಂದವರು ಮುಸ್ಲಿಮರೆನಿಸಿಕೊಳ್ಳಲು ಅರ್ಹರಲ್ಲ ಎಂಬುದು ಅದರ ನಿಲುವಾಗಿತ್ತು. ಈ ನಿರಾಕರಣೆಯ ತೂಕ ಹೊರಗಿನವರಿಗೆ ಸುಲಭವಾಗಿ ತಿಳಿಯದು. ಸತ್ತವರಿಗೆ ಸ್ನಾನ ಮಾಡಿಸಿ, ಕಫನ್ (ಶವವಸ್ತ್ರ) ಹೊದಿಸಿ, ಜನಾಜಾ ನಮಾಜ್ (ಅಂತಿಮ ಪ್ರಾರ್ಥನೆ) ಸಲ್ಲಿಸಿ ಮಣ್ಣು ಮಾಡುವುದು ಇಡೀ ಸಮುದಾಯದ ಮೇಲಿರುವ ಕಡ್ಡಾಯ ಹೊಣೆ. ಯಾರೂ ಮುಂದೆ ಬಾರದಿದ್ದರೆ ಎಲ್ಲರೂ ಪಾಪಕ್ಕೆ ಗುರಿಯಾಗುತ್ತಾರೆ. ಕಳ್ಳನಿಗೂ ಕುಡುಕನಿಗೂ ಇಲ್ಲವೆನ್ನದ ಆರಡಿ ಮೂರಡಿ ಜಾಗವನ್ನು ಇವರಿಗೆ ಇಲ್ಲವೆಂದರು. ಶವಗಳು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಉಳಿದವು. 2010ರ ಜನವರಿಯಲ್ಲಿ ಸರ್ಕಾರವೇ ಅವನ್ನು ಗುಟ್ಟಾಗಿ ಹೂಳಿಸಿ, ಏಪ್ರಿಲ್‌ನಲ್ಲಷ್ಟೇ ಬಹಿರಂಗಪಡಿಸಿತು. ದಾಳಿಯ ನಂತರದ ಬಕ್ರೀದ್‌ನಂದು ಅನೇಕರು ಕಪ್ಪು ಪಟ್ಟಿ ಧರಿಸಿ ನಮಾಜಿಗೆ ನಿಂತಿದ್ದರು.

ಆ ದಾಳಿಗೆ ಒಂಬತ್ತು ತಿಂಗಳು ಮೊದಲೇ, ಫೆಬ್ರವರಿಯಲ್ಲಿ, ಉತ್ತರ ಪ್ರದೇಶದ ಹೆಸರಾಂತ ಇಸ್ಲಾಮಿ ವಿದ್ಯಾಪೀಠವಾದ ದಾರುಲ್ ಉಲೂಮ್ ದೇವಬಂದ್ ದೇಶದ ಸಾವಿರಾರು ಉಲೇಮಾಗಳನ್ನು (ಧರ್ಮವಿದ್ವಾಂಸರನ್ನು) ಸೇರಿಸಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧವೆಂದು ಘೋಷಿಸಿತ್ತು. ನಿರಪರಾಧಿ ಮುಸ್ಲಿಂ ಯುವಕರನ್ನು ಅನುಮಾನದ ಮೇಲೆ ಹಿಂಸಿಸುವುದನ್ನೂ ಅದೇ ಸಭೆ ಆಕ್ಷೇಪಿಸಿತ್ತು. ಈ ಎರಡನೆಯ ಮಾತನ್ನು ಹಿಡಿದುಕೊಂಡು ಮೊದಲನೆಯದನ್ನು ಸಂಶಯಿಸುವವರಿದ್ದಾರೆ. ಎರಡನ್ನೂ ಒಟ್ಟಿಗೆ ಹೇಳುವುದರಲ್ಲಿ ನನಗಂತೂ ಯಾವ ವಿರೋಧಾಭಾಸವೂ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಇಂತಹ ಫತ್ವಾ (ಧಾರ್ಮಿಕ ಅಭಿಪ್ರಾಯ) ಹೊರಡಿಸಿದವರಿಗೆ ಟೀಕೆ ಎದುರಾಗಬಹುದು. ಪಾಕಿಸ್ತಾನದಲ್ಲಿ ಅದಕ್ಕೆ ಪ್ರಾಣವನ್ನೇ ತೆರಬೇಕಾಯಿತು. ಆತ್ಮಾಹುತಿ ದಾಳಿಯನ್ನು ವಿರೋಧಿಸಿದ್ದ ಮೌಲಾನಾ ಹಸನ್ ಜಾನ್ ಅವರನ್ನು 2007ರಲ್ಲಿ ಪೇಶಾವರದಲ್ಲಿ ಕೊಲ್ಲಲಾಯಿತು. ಅಂತಹ ದಾಳಿ ಹರಾಮ್ (ಧರ್ಮನಿಷಿದ್ಧ) ಎಂದು ಬಹಿರಂಗವಾಗಿ ಸಾರಿದ್ದ ಲಾಹೋರಿನ ಮುಫ್ತಿ ಸರ್ಫರಾಜ್ ನಯೀಮಿಯವರನ್ನು 2009ರ ಜೂನ್ 12ರ ಶುಕ್ರವಾರ, ಜುಮಾ ನಮಾಜ್ ಮುಗಿದ ಮೇಲೆ, ಅವರದೇ ಮದರಸಾದಲ್ಲಿ ಆತ್ಮಾಹುತಿ ಬಾಂಬರ್ ಒಬ್ಬ ಕೊಂದ.

ಕಳೆದ ವರ್ಷಗಳ ಮಾತು ಬಿಟ್ಟರೂ, 2025ರ ಏಪ್ರಿಲ್ 22ರ ಪಹಲ್ಗಾಮ್ ನರಮೇಧ ಕನ್ನಡಿಗರಿಗೆ ಮರೆಯುವಂಥದ್ದಲ್ಲ. ಶಿವಮೊಗ್ಗ ಮತ್ತು ಬೆಂಗಳೂರಿನವರೂ ಸೇರಿದಂತೆ ಅಲ್ಲಿ ಸತ್ತ 26 ಮಂದಿಯಲ್ಲಿ, ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ದು ಹೊಟ್ಟೆ ಹೊರೆಯುತ್ತಿದ್ದ, ಅವರನ್ನು ಉಳಿಸಲು ಹೋಗಿ ಗುಂಡಿಗೆ ಎದೆಗೊಟ್ಟ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಮರುದಿನ ಕಾಶ್ಮೀರ ಕಣಿವೆ ಬಂದ್ ಆಚರಿಸಿತು; ಅಲ್ಲಿನ ಪ್ರಮುಖ ಪತ್ರಿಕೆಗಳು ಮುಖಪುಟವನ್ನು ಕಪ್ಪಾಗಿಸಿ ಮುದ್ರಿಸಿದವು.

ಇಷ್ಟಾದರೂ ಫತ್ವಾಗಳಿಂದಲೇ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿಲ್ಲ. ಮೊಬೈಲಿನಲ್ಲಿ ಒಬ್ಬನೇ ಕುಳಿತು ಉಗ್ರರ ವಿಡಿಯೊ ನೋಡುವ ಹುಡುಗ ಮುಫ್ತಿಗಳ ಮಾತಿಗಾಗಿ ಹುಡುಕುವುದು ಅಪರೂಪ. ಅವನಿಗೆ ಬರಿಯ ಖಂಡನೆ ಸಾಲದು, ವಾದ ಬೇಕು. 2014ರ ಸೆಪ್ಟೆಂಬರಿನಲ್ಲಿ 120ಕ್ಕೂ ಹೆಚ್ಚು ವಿದ್ವಾಂಸರು ಉಗ್ರ ಸಂಘಟನೆ ಐಸಿಸ್‌ನ ನಾಯಕ ಬಗ್ದಾದಿಗೆ ಬರೆದ ಬಹಿರಂಗ ಪತ್ರವನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ. ದೂತರನ್ನು ಕೊಲ್ಲುವುದು ನಿಷಿದ್ಧ, ಆದ್ದರಿಂದ ಪತ್ರಕರ್ತರನ್ನೂ ಪರಿಹಾರ ಕಾರ್ಯಕರ್ತರನ್ನೂ ಕೊಲ್ಲುವಂತಿಲ್ಲ; ಗುಲಾಮಗಿರಿಯನ್ನು ಮತ್ತೆ ತರುವಂತಿಲ್ಲ ಎಂದು ಅದು ಐಸಿಸ್ ಆಧಾರವೆಂದು ತೋರಿಸುವ ಧರ್ಮಗ್ರಂಥಗಳಿಂದಲೇ ಒಂದೊಂದಾಗಿ ಉತ್ತರಿಸಿತು.

ನಮ್ಮ ಸಂಘಟನೆಗಳ ಲೋಪವನ್ನೂ ಮುಚ್ಚಿಡಬೇಕಾಗಿಲ್ಲ. ಅವುಗಳ ನಿರ್ಣಯಗಳು ಹೆಚ್ಚಾಗಿ ಉರ್ದುವಿನಲ್ಲಿ ಹುಟ್ಟಿ ಉರ್ದು ಪತ್ರಿಕೆಗಳಲ್ಲೇ ಉಳಿಯುತ್ತವೆ. ಕನ್ನಡದಲ್ಲಿ ಓದಿ ಬೆಳೆಯುತ್ತಿರುವ ಮುಸ್ಲಿಂ ಮಕ್ಕಳಿಗೇ ಅವು ತಲುಪುವುದಿಲ್ಲ, ಇನ್ನು ನೆರೆಹೊರೆಯ ಹಿಂದೂಗಳಿಗೆ ತಲುಪುವುದು ಹೇಗೆ? ಮಸೀದಿ ಕಮಿಟಿಗಳು ಜುಮಾ ಬಯಾನ್‌ನಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಇವನ್ನು ಕನ್ನಡದಲ್ಲಿ ವಿವರಿಸಲಿ. ತಮ್ಮ ಪತ್ರಿಕೆಯೂ ದೇವಬಂದ್ ಘೋಷಣೆ ಮತ್ತು 2014ರ ಪತ್ರದ ಮುಖ್ಯ ಭಾಗಗಳನ್ನು ಕನ್ನಡಕ್ಕೆ ತಂದು ಸಂಪಾದಕೀಯ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಅಧ್ಯಾಪಕ, ಭದ್ರಾವತಿ